ಹಗಲು ಹೊತ್ತಿನ ಸೊಳ್ಳೆಪರದೆ

ಲಾಮು,
ಮಾರ್ಚ್ ೨೬

ತಿಮಾಳ ಅಪ್ಪನಿಗೆ, ತಿಮಾಳ ಅಮ್ಮನ ಸಲಾಮು.

ಇಲ್ಲಿ ಎಲ್ಲರೂ ಕ್ಷೇಮ. ಅಂದರೆ ಎಲ್ಲರೂ ಕುಂಟುತ್ತಿದ್ದೇವೆ, ಆದರೆ ಕ್ಷೇಮವಾಗಿ ಕುಂಟುತ್ತಿದ್ದೇವೆ. ನಮ್ಮ ಓಣಿಯಲ್ಲಿ ಬೆಳಿಗ್ಗೆ ಎದ್ದವರು ಯಾರೂ ಈಗ ನೆಟ್ಟಗೆ ನಡೆಯುವುದಿಲ್ಲ. ಗೋಡೆ ಹಿಡಿದು, ಬಾಗಿಲು ಹಿಡಿದು, ಎದುರು ಸಿಕ್ಕವರ ಭುಜ ಹಿಡಿದು ಹೊರಡುತ್ತಾರೆ. ಬಿಸಿಲು ಏರಿದ ಹಾಗೆ ಒಬ್ಬೊಬ್ಬರ ಕೀಲೂ ಸಡಿಲವಾಗಿ, ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮನುಷ್ಯರಂತೆ ಕಾಣುತ್ತೇವೆ. ಕತ್ತೆಗಳಿಗೆ ಮಾತ್ರ ಏನೂ ಆಗಿಲ್ಲ. ಓಣಿಯಲ್ಲಿ ನಾವು ದಾರಿ ಬಿಡಲು ತಡಮಾಡಿದರೆ ಅವೇ ನಿಂತು ಕಾಯುತ್ತವೆ. ಇಷ್ಟು ವರ್ಷದಲ್ಲಿ ಲಾಮುವಿನ ಕತ್ತೆ ಮನುಷ್ಯನಿಗೆ ಕಾದದ್ದನ್ನು ನಾನು ನೋಡಿರಲಿಲ್ಲ.

ನಿಮ್ಮ ಕಾಗದ ಮೊರೊನಿಯಿಂದ ವಿಮಾನ ಹತ್ತಿ, ಮೊಂಬಾಸಾದಿಂದ ಬಸ್ಸು ಹತ್ತಿ, ಕೊನೆಗೆ ದೋಣಿ ಹತ್ತಿ ಬಂದು ತಲುಪಿತು. ಫೋನು ಯಾಕೆ ಮಾಡಲಿಲ್ಲ ಎಂದು ಕೇಳುವುದಿಲ್ಲ. ಫೋನಿನಲ್ಲಿ ನಾವಿಬ್ಬರೂ ಎರಡನೆಯ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ, ಮೂರನೆಯ ಮಾತಿಗೆ ಲೈನು ಹೋಯಿತು ಎಂದು ಇಬ್ಬರೂ ಸುಳ್ಳು ಹೇಳುತ್ತೇವೆ. ಕಾಗದದಲ್ಲಿ ಆ ಅನುಕೂಲವಿಲ್ಲ. ಶುರು ಮಾಡಿದ ವಾಕ್ಯವನ್ನು ಮುಗಿಸಲೇಬೇಕು.

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಓಣಿಯ ಜನ ಈಗಲೂ ನಿಮ್ಮನ್ನು ಬಯ್ಯುತ್ತಿದ್ದಾರಾ ಎಂಬುದು ಒಂದು. ಗಾಳಿ ತಿರುಗಿ ದಕ್ಷಿಣದಿಂದ ಬೀಸತೊಡಗಿದ ಮೇಲೆ ಊರಿಗೆ ಬಂದುಬಿಡಲಾ, ಇಲ್ಲ ಮೊರೊನಿಯ ಅಂಗಡಿಯ ಮೇಲಿನ ಮನೆಯನ್ನೇ ಕಾಯಂ ಮಾಡಿಕೊಳ್ಳಲಾ ಎಂಬುದು ಇನ್ನೊಂದು. ಅದರ ಕೆಳಗೆ ‘ನೀನು ಹೇಳಿದ ಹಾಗೆ’ ಎಂದು ಬರೆದು ಗೆರೆ ಎಳೆದಿದ್ದೀರಿ.

ಆ ಗೆರೆ ನೋಡಿ ನನಗೆ ನಗು ಬಂತು, ಸಿಟ್ಟೂ ಬಂತು. ಏಳು ವರ್ಷದಿಂದ ನಾವು ಈ ಒಂದು ಮಾತಿನ ಮೇಲೆಯೇ ಕೂತಿದ್ದೇವೆ. ದೋಣಿಗೆ ಬೇಕಾದ ಹಗ್ಗ, ಬಣ್ಣ, ರಾಟೆಗಳ ವ್ಯಾಪಾರಕ್ಕೆ ಮೊರೊನಿಯೇ ಸರಿ ಎಂದು ನೀವು ಹೊರಟಿರಿ. ಕಲಿಸುವ ಶಾಲೆ ಬಿಟ್ಟು, ನನ್ನ ಅಮ್ಮನನ್ನು ಬಿಟ್ಟು ಈ ದ್ವೀಪದಿಂದ ಕದಲುವುದಿಲ್ಲ ಎಂದು ನಾನು ನಿಂತೆ. ‘ನೀನು ಕರೆದರೆ ಬರುತ್ತೇನೆ’ ಎಂದು ನೀವು. ‘ಬರುವ ಮನಸ್ಸಿದ್ದವರನ್ನು ಕರೆಯಬೇಕೇಕೆ’ ಎಂದು ನಾನು. ತಿಮಾ ಅಷ್ಟರಲ್ಲಿ ಶಾಲೆ ಮುಗಿಸಿದಳು, ಕಾಲೇಜು ಮುಗಿಸಿದಳು, ಮದುವೆಯೂ ಆದಳು.

ದೋಣಿ ನಡೆಸುವ ನಾಖುದ ಫಮಾವು ಇವತ್ತು ಶಾಲೆಯ ಬಾಗಿಲಿಗೇ ಬಂದಿದ್ದ. “ಟೀಚರ್, ನಾಳೆ ಶುಕ್ರವಾರದ ನಮಾಜು ಮುಗೀತಿದ್ದ ಹಾಗೆ ಹಾಯಿ ಎತ್ತೋದು. ಈ ಗಾಳೀಲಿ ಮೊರೊನಿಗೆ ಹೋಗೋ ಕೊನೇ ದೋಣಿ ನಂದು. ಯಜಮಾನ್ರಿಗೆ ಉತ್ತರ ಏನಾದ್ರೂ ಇದ್ರೆ ಕೊಡಿ, ಆಮೇಲೆ ನಿಮ್ಮ ಕಾಗದ ಈಜ್ಕೊಂಡು ಹೋಗ್ಬೇಕಾಗತ್ತೆ,” ಎಂದ. ಅದಕ್ಕೇ ಬರೆಯಲು ಕೂತಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ ಉದ್ದವಿದೆ. ಎರಡನೆಯದು ಕೊನೆಗಿರಲಿ.

ನೀವು ಜ್ವರದಲ್ಲಿ ಮಲಗಿ ಕಂಡದ್ದು ಬೇರೆ, ನಾನು ಅಡುಗೆಮನೆಯಿಂದ ಕಂಡದ್ದು ಬೇರೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ. ಟೀಚರಮ್ಮನ ಚಾಳಿ, ಸಹಿಸಿಕೊಳ್ಳಿ.

ತಿಮಾಳ ಮದುವೆಗೆಂದು ನೀವು ಬಂದಿಳಿದಾಗ ಮುಖ ಸ್ವಲ್ಪ ಕೆಂಪಗಿತ್ತು. ಪ್ರಯಾಣದ ಬಿಸಿಲು ಎಂದುಕೊಂಡೆವು. ಇಳಿದುಕೊಂಡದ್ದು ನಿಮ್ಮ ಅಣ್ಣನ ಮನೆಯಲ್ಲಿ. ನನ್ನ ಮನೆಗೆ ಬಂದದ್ದು ನೆಂಟರ ಹಾಗೆ, ಜಗಲಿಯವರೆಗೆ. ಅಮ್ಮ ಕಾಫಿ ಕಳಿಸಿದರು, ನಾನು ಕಳಿಸಲಿಲ್ಲ. ಮರುದಿನ ಮಸೀದಿಯಲ್ಲಿ ನೀವು ಅಳಿಯನ ಕೈ ಹಿಡಿದು ಮಗಳನ್ನು ಒಪ್ಪಿಸಿಕೊಟ್ಟಿರಲ್ಲ, ಆ ಸುದ್ದಿ ನಿಮಗಿಂತ ಮುಂಚೆ ಮನೆಗೆ ಬಂತು. ಬಂದ ಗಂಡಸರೆಲ್ಲ ಅದನ್ನೇ ಹೇಳುತ್ತಿದ್ದರು. ಖಾಜಿಯವರು ಬಾಗಿಲಲ್ಲಿ ನಿಂತು, “ನಲವತ್ತು ವರ್ಷದಿಂದ ನಿಕಾಹ್ ಮಾಡಿಸ್ತಿದೀನಮ್ಮ, ಹೀಗೆ ಅತ್ತ ಅಪ್ಪನ್ನ ನೋಡಿಲ್ಲ. ಅಳಿಯನ ಕೈ ಹಿಡಿದದ್ದೇ ತಡ, ಕಣ್ಣಲ್ಲಿ ದಳದಳ ನೀರು. ತಡವರಿಸ್ಕೊಂಡೇ ಮಾತು ಮುಗಿಸಿದ ನಿನ್ನ ಗಂಡ ಷೆಕುವೆ,” ಎಂದರು. ಪಕ್ಕದ ಮನೆಯ ಮಸ್ತೂರಾ ನನ್ನ ಪಕ್ಕೆ ತಿವಿದು, “ಕೇಳ್ದೇನೇ? ನಿನ್ನ ಕಲ್ಲುಗುಂಡು ಕರಗ್ತಂತೆ,” ಎಂದಳು. ನಾನು ತೆಂಗಿನಹಾಲಿನ ಅನ್ನದ ಹಂಡೆಯ ಮೇಲೆ ಬಗ್ಗಿಕೊಂಡೆ. ಹೊಗೆಗೆ ಕಣ್ಣಲ್ಲಿ ನೀರು ಬಂತು ಎಂದು ಹೇಳಿದೆ. ಆ ಹೊತ್ತಿಗೆ ನಿಮ್ಮನ್ನು ಅರ್ಧ ಕ್ಷಮಿಸಿಬಿಟ್ಟಿದ್ದೆ.

ಸಂಜೆ ನೀವು ನನ್ನ ಮನೆಯ ಜಗಲಿಯ ಮೇಲೆ ಕೂತವರು ಏಳಲಾಗಲಿಲ್ಲ. ಬೆರಳೆಲ್ಲ ಬಾತು ಬಾಳೆಕಾಯಿ ಹಾಗಾಗಿತ್ತು. ಏನಾಯಿತು ಎಂದರೆ, “ಆ ಹುಡುಗಂದು ಬಲೆ ಎಳೆಯೋ ಕೈ. ಗಟ್ಟಿಯಾಗಿ ಹಿಡಿದುಬಿಟ್ಟ. ಜೀವ ಹೋಯ್ತು ಖೇರಿ,” ಅಂದಿರಿ. ಅರ್ಧ ಕೊಟ್ಟಿದ್ದ ಕ್ಷಮೆಯನ್ನು ನಾನು ಅಲ್ಲೇ, ನಿಂತ ನಿಲುವಿನಲ್ಲೇ ವಾಪಸು ತೆಗೆದುಕೊಂಡೆ.

ನಿಮ್ಮ ಅಣ್ಣನ ಮನೆಯ ಕಡಿದಾದ ಮೆಟ್ಟಿಲು ಹತ್ತಿಸುವುದು ಯಾರಿಂದಲೂ ಆಗಲಿಲ್ಲ. ಅಮ್ಮ ಊರುಗೋಲನ್ನು ನೆಲಕ್ಕೆ ಕುಟ್ಟಿ ತೀರ್ಪು ಕೊಟ್ಟರು: “ಕೆಳಗಿನ ಕೋಣೇಲಿ ಮಲಗಿಸಿ. ಗಂಡ ಅಂತ ಒಳಗೆ ಬಿಡ್ತಿರೋದಲ್ಲ, ರೋಗಿ ಅಂತ. ಖೇರಿ, ಮುಖ ಹಾಗೆ ಮಾಡ್ಬೇಡ. ರೋಗಿ ಮನೆ ಬಾಗಿಲಿಗೆ ಬಂದ್ರೆ ಯಾರು ಏನು ಅಂತ ಕೇಳ್ತಾರೇನೇ?”

ಮೇಲಿನ ಕೋಣೆಯಲ್ಲಿ ಮದುಮಗ, ಕೆಳಗಿನ ಕೋಣೆಯಲ್ಲಿ ನೀವು. ಏಳು ದಿನ ಮದುಮಗ ಹುಡುಗಿಯ ಮನೆಯಿಂದ ಕಾಲು ಹೊರಗಿಡುವ ಹಾಗಿಲ್ಲ, ಒಂದು ಲೋಟ ನೀರನ್ನೂ ತಾನಾಗಿ ಎತ್ತಿ ಕುಡಿಯುವ ಹಾಗಿಲ್ಲ. ನೀವೂ ಅಷ್ಟೇ. ಓಣಿಗೆ ಇಷ್ಟು ಸಾಕಾಯಿತು. ನೀರು ತರಲು ಹೋದರೂ, ಮಾವಿನಕಾಯಿ ಕೊಳ್ಳಲು ನಿಂತರೂ ಹೆಂಗಸರು ನನ್ನನ್ನು ಹಿಡಿದು ಕೇಳುತ್ತಿದ್ದರು: “ಏನೇ ಮ್ವಾನಖೇರಿ, ನಿಮ್ಮನೇಲಿ ಇಬ್ರು ಮದುಮಕ್ಕಳಂತೆ? ಯಾರಿಗೆ ಯಾವ ತಟ್ಟೆ ಅಂತ ಗುರುತಾದ್ರೂ ಮಾಡಿಟ್ಟಿದೀಯಾ?” ಬಡಿಸಲು ಬರುತ್ತಿದ್ದ ಮಸ್ತೂರಾ ಗುರುತು ಮಾಡಿರಲಿಲ್ಲ. ಬೀಗರು ಕಳಿಸಿದ ಕುರಿಮಾಂಸದ ಪಿಲಾವು, ಹಲ್ವ, ಗುಲಾಬಿ ಷರಬತ್ತು ಎಲ್ಲವನ್ನೂ ಒಂದು ಮಧ್ಯಾಹ್ನ ನಿಮ್ಮ ಕೋಣೆಗಿಟ್ಟು, ಗಂಜಿ ಮತ್ತು ಎಳನೀರನ್ನು ಮೇಲಕ್ಕೆ ಕೊಟ್ಟಳು. ಪಾಪ, ಪರಊರಿನ ಆ ಹುಡುಗ ಇದೇ ಲಾಮುವಿನವರ ಪದ್ಧತಿ ಇರಬೇಕೆಂದು ಗಂಜಿ ಕುಡಿದು ಸುಮ್ಮನಾದ. ನೀವು ಮಾತ್ರ ಜ್ವರದಲ್ಲೂ ಹಲ್ವ ಮುಗಿಸಿದ್ದಿರಿ.

ಮೊದಲು ಎಲ್ಲರೂ ಮಲೇರಿಯ ಎಂದರು. ನಮ್ಮಲ್ಲಿ ಮೈ ಬಿಸಿಯಾದರೆ ಇನ್ನೊಂದು ಹೆಸರು ಯಾರ ಬಾಯಿಗೂ ಬರುವುದಿಲ್ಲ. ಮನೆಮನೆಯಿಂದ ಉಳಿದ ಮಾತ್ರೆಗಳು ಬಂದವು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಮಲೇರಿಯ ಇಲ್ಲ. ಆಗ ಡಾಕ್ಟರ್ ಅಟಿಯೆನೊ ಬಂದಳು. ಕಿಸುಮು ಕಡೆಯ ಹುಡುಗಿ, ನಮ್ಮ ತಿಮಾಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಅವಳು ಜ್ವರ ಎಷ್ಟು ಎಂದು ಕೇಳುವ ಮೊದಲು, ಎಲ್ಲಿಂದ ಬಂದಿರಿ ಎಂದು ಕೇಳಿದಳು. ಮೊರೊನಿ ಎಂದಿರಿ. ನಿಮ್ಮ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮೈಮೇಲಿನ ಕೆಂಪು ನೋಡಿದಳು. “ಅಲ್ಲಿ ನಿಮ್ಮ ಅಕ್ಕಪಕ್ಕದವರಿಗೆ ಹೀಗೆ ಕೀಲು ಹಿಡ್ಕೊಂಡಿತ್ತಾ?” ಎಂದಳು. ನೀವು ಯೋಚನೆ ಮಾಡಿ, “ಹೌದು, ಇಡೀ ಬೀದಿ ಮುದುಕರ ಹಾಗೆ ನಡೀತಿತ್ತು. ನಾನು ತಮಾಷೆ ಮಾಡ್ತಿದ್ದೆ,” ಅಂದಿರಿ.

ಚಿಕುನ್‌ಗುನ್ಯ ಇರಬಹುದು, ಡೆಂಗಿಯೂ ಇರಬಹುದು, ರಕ್ತ ನೈರೋಬಿಗೆ ಹೋಗಿ ಬರಲಿ, ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಯಾವ ನೋವಿನ ಮಾತ್ರೆಯೂ ಬೇಡ ಎಂದು ಹೇಳಿದಳು. ನೀರು, ವಿಶ್ರಾಂತಿ, ತಾಳ್ಮೆ. ಆಮೇಲೆ ಹೇಳಿದ ಮಾತಿಗೆ ಅಮ್ಮ ಕೂತಲ್ಲಿಂದಲೇ ಎದ್ದು ನಿಂತರು. ಒಂದು ವಾರ ನೀವು ಹಗಲಿನಲ್ಲೂ ಸೊಳ್ಳೆಪರದೆಯೊಳಗೇ ಇರಬೇಕಂತೆ. ನಿಮ್ಮನ್ನು ಕಚ್ಚಿದ ಸೊಳ್ಳೆ ಇನ್ನೊಬ್ಬರಿಗೆ ದಾಟಿಸುತ್ತದಂತೆ; ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಂತೆ.

“ಹಗಲು ಹೊತ್ನಲ್ಲಿ ಪರದೆಯೊಳಗಾ? ಈ ವಯಸ್ಸಲ್ಲಾ? ಮೇಲಿರೋ ಮದುಮಗನೇ ಹಗಲು ಪರದೆ ಎತ್ತಿ ಕೂತಿರ್ತಾನೆ ಡಾಕ್ಟ್ರಮ್ಮ!” ಎಂದರು ಅಮ್ಮ.

“ಅವರು ಎತ್ತಿಕೊಳ್ಳಲಿ ಬಿಬಿ. ಇವರು ಇಳಿಸಿಕೊಳ್ಳಲಿ,” ಎಂದಳು ಅಟಿಯೆನೊ. ಓಣಿಯವರ ಹಾಗೆ ಅವಳೂ ಅಮ್ಮನನ್ನು ಬಿಬಿ, ಅಂದರೆ ಅಜ್ಜಿ, ಎಂದೇ ಕರೆಯುವುದು.

ನಾವು ಕೇಳಿದೆವೇ? ಅವಳ ಬೆನ್ನು ಓಣಿಯ ತಿರುವಿನಲ್ಲಿ ಮರೆಯಾದದ್ದೇ ತಡ, ನಿಮ್ಮ ಗೆಳೆಯರೆಲ್ಲ ನೋಡಲು ಬಂದರು. ರೋಗಿಯನ್ನು ಪರದೆಯೊಳಗೆ ಬಿಟ್ಟು ಕಾಫಿ ಕುಡಿಯುವುದು ಹೇಗೆ? ಎತ್ತಿ ತಂದು ಜಗಲಿಯ ಮೇಲೆ ದಿಂಬು ಒರಗಿಸಿ ಕೂರಿಸಿದರು. ಬೆಳಿಗ್ಗೆ ಒಂದು ಸಭೆ, ಸಂಜೆ ಒಂದು ಸಭೆ. ಶುಂಠಿ ಕಾಫಿ, ಖರ್ಜೂರ, ಮೊರೊನಿಯ ಸುದ್ದಿ. ನಾನು ಒಂದೆರಡು ಸಲ ಬಾಗಿಲ ಸಂದಿನಿಂದ ಗೊಣಗಿದೆ. “ಬಿಡಮ್ಮ ಟೀಚರ್, ಎಷ್ಟೋ ವರ್ಷ ಆದ್ಮೇಲೆ ಸಿಕ್ಕಿದಾನೆ,” ಎಂದರು. ನಾನೂ ಬಿಟ್ಟೆ. ಜಗಲಿಯಲ್ಲಿ ನಿಮ್ಮ ದನಿ ಕೇಳುತ್ತಿದ್ದರೆ ಅಡುಗೆಮನೆಯಲ್ಲಿ ಕೆಲಸ ಬೇಗ ಸಾಗುತ್ತಿತ್ತು, ಅಷ್ಟೇ.

ಇನ್ನೊಂದು ಬರೆದುಬಿಡುತ್ತೇನೆ. ಎರಡನೆಯ ವಾರದಲ್ಲಿ, ನಿಮ್ಮ ಜ್ವರ ಇಳಿದು ಕೀಲುನೋವು ಮಾತ್ರ ಉಳಿದಿದ್ದ ಒಂದು ಮಧ್ಯಾಹ್ನ, ಪರದೆಯ ಹೊರಗೆ ಕೂತು ಬೀಸಣಿಗೆ ಬೀಸುತ್ತ ಮಕ್ಕಳಿಗೆ ಕಲಿಸಬೇಕಿದ್ದ ಪದ್ಯಗಳನ್ನು ಓದಿಕೊಳ್ಳುತ್ತಿದ್ದೆ. ನೀವು ನಿದ್ದೆಯಲ್ಲಿದ್ದೀರಿ ಎಂದುಕೊಂಡಿದ್ದೆ. ಒಂದು ಚರಣಕ್ಕೆ ನಿಲ್ಲಿಸಿದಾಗ ಒಳಗಿನಿಂದ, “ಆಮೇಲೆ?” ಎಂದಿರಿ. ನಾನು ಓದಿದೆ. ಮತ್ತೆ ನಿಲ್ಲಿಸಿದಾಗ, “ಖೇರಿ, ನಾನಿಲ್ಲೇ ಇದ್ದುಬಿಟ್ರೆ ಏನಂತೀಯ?” ಎಂದಿರಿ. ನಾನು ನೀರು ಬೇಕಾ ಎಂದು ಕೇಳಿ ಎದ್ದು ಹೋದೆ. ಕೇಳಿಸಲಿಲ್ಲ ಎಂದು ನೀವು ತಿಳಿದಿರಬೇಕು. ಕೇಳಿಸಿತ್ತು. ಪರದೆಯ ಆಚೆ ನಿಮ್ಮ ಮುಖ ಮಸುಕಾಗಿತ್ತು, ಹಾಗಿದ್ದಾಗ ನೀವು ಇಪ್ಪತ್ತಾರರ ಹುಡುಗನ ಹಾಗೆ ಕಾಣುತ್ತಿದ್ದಿರಿ. ಅದಕ್ಕೇ ಎದ್ದು ಹೋದೆ.

ಆಮೇಲಿನದು ನಿಮಗೂ ಗೊತ್ತು. ಜಗಲಿಗೆ ಬಂದು ಕಾಫಿ ಕುಡಿದವರೆಲ್ಲ ಒಬ್ಬೊಬ್ಬರಾಗಿ ಮಲಗಿದರು. ಅವರ ಹೆಂಡಿರು ಮಲಗಿದರು. ಅಡುಗೆಗೆ ಬಂದಿದ್ದ ಹೆಂಗಸರು, ಮೀನು ತರುವವನು, ಖಾಜಿಯವರು ಸಹ. ನೈರೋಬಿಯಿಂದ ಚಿಕುನ್‌ಗುನ್ಯ ಎಂದೇ ಉತ್ತರ ಬಂತು. ಮೊದಲು ತಮಾಷೆಗೆ ‘ಮೊರೊನಿ ಜ್ವರ’ ಎಂದರು. ಮನೆಯಲ್ಲಿ ನೀರು ಸೇದಲೂ ಕೈ ಆಗದೇ ಹೋದಾಗ ತಮಾಷೆ ಹುಳಿಯಾಯಿತು. ಕಿಟಕಿಯ ಕೆಳಗೇ ನಿಂತು, “ಬರೋದು ಬಂದ, ಬರಿಗೈಲಾದ್ರೂ ಬರಬಾರ್ದಿತ್ತಾ?” ಎಂದು ಯಾರೋ ಅಂದದ್ದು ನಿಮಗೆ ಕೇಳಿಸಿತಂತೆ. ನಾನು ಶಾಲೆಯಿಂದ ಬಂದಾಗ ಹಾಸಿಗೆ ಮಡಚಿಟ್ಟಿತ್ತು. ಊರುಗೋಲು ಹಿಡಿದು ಧಕ್ಕೆಗೆ ಹೋಗಿ ಸಿಕ್ಕ ದೋಣಿ ಹತ್ತಿದಿರಿ ಎಂದು ಅಮ್ಮ ಹೇಳಿದರು. “ತಡೀಲಿಲ್ವಾ?” ಎಂದೆ. “ತಡೆಯೋಕೆ ನಾನ್ಯಾರು? ಗಂಡ ಯಾರಿಗೆ, ನಂಗಾ ನಿಂಗಾ?” ಎಂದರು.

ನೀವು ಹೋದ ಮೂರನೆಯ ದಿನ ನಾನು ಮಲಗಿದೆ. ಇದನ್ನು ನಿಮಗೆ ಯಾರೂ ತಿಳಿಸಬಾರದೆಂದು ಕಟ್ಟುಮಾಡಿದ್ದೆ. ಏನೆಂದು ಹೇಳಲಿ, ಸೀಮೆಸುಣ್ಣ ಹಿಡಿಯುವ ಮೂರು ಬೆರಳಲ್ಲಿ ಕೆಂಡವಿಟ್ಟ ಹಾಗಿತ್ತು. ನಿಕಾಹ್‌ನ ದಿನ ಅಳಿಯನ ಕೈ ಹಿಡಿದಾಗ ನಿಮಗೇನಾಗಿರಬೇಕೆಂದು ಆಗ ತಿಳಿಯಿತು. ಅಷ್ಟು ನೋವಿನಲ್ಲೂ ಕೈ ಬಿಡದೆ ಮಾತು ಮುಗಿಸಿದ್ದಿರಲ್ಲ. ವಾಪಸು ತೆಗೆದುಕೊಂಡಿದ್ದ ಅರ್ಧವನ್ನು ಮತ್ತೆ ಕೊಟ್ಟಿದ್ದೇನೆ. ಅದಕ್ಕೆ ಬಡ್ಡಿ ಕೇಳಬೇಡಿ.

ಈಗ ನಿಮಗೆ ಗೊತ್ತಿಲ್ಲದ ಭಾಗ. ಸಂತೋಷದ ಭಾಗ.

ಹೋದ ವಾರ ಅಟಿಯೆನೊ ಟಾರ್ಚು ಹಿಡಿದು ಮನೆಮನೆಗೆ ಬಂದಳು. ನಮ್ಮ ಬಚ್ಚಲಿನ ನೀರಿನ ತೊಟ್ಟಿಗೆ ಬೆಳಕು ಬಿಟ್ಟಳು. ನೀರು ಕುಣಿಯುತ್ತಿತ್ತು, ಅಷ್ಟು ಸೊಳ್ಳೆಮರಿಗಳು. “ಇಲ್ಲಿ ಮೀನು ಇರ್ಬೇಕಲ್ವಾ? ಈ ಊರಿನ ತೊಟ್ಟಿಗಳಲ್ಲಿ ಮೀನು ಬಿಡ್ತೀರಿ ಅಂತ ನಾನು ಬಂದ ಮೊದಲ ವಾರವೇ ಯಾರೋ ತೋರಿಸಿದ್ರು,” ಎಂದಳು. ನನ್ನ ಅಜ್ಜಿಯ ಕಾಲದಿಂದ ಆ ತೊಟ್ಟಿಯಲ್ಲಿ ಪುಟ್ಟ ಮೀನುಗಳಿದ್ದವು, ಮರಿಗಳನ್ನು ತಿಂದುಕೊಂಡು. ಅವು ಅಲ್ಲಿರಲಿಲ್ಲ. ಪಕ್ಕದ ತೊಟ್ಟಿಯಲ್ಲೂ ಇಲ್ಲ, ಅದರಾಚೆಯದರಲ್ಲೂ ಇಲ್ಲ. ಮಸ್ತೂರಾಳ ಮನೆಗೆ ಹೋದರೆ ಅವಳ ತೊಟ್ಟಿಯಲ್ಲಿ ಮೀನುಗಳ ಜಾತ್ರೆ! ಅವಳ ಮನೆಯಲ್ಲಿ ಒಬ್ಬರಿಗೂ ಜ್ವರವಿಲ್ಲ. “ನನ್ನ ಕಡೆ ಯಾಕೆ ನೋಡ್ತೀರಾ? ಮದ್ವೆ ಮುಗಿಯೋವರೆಗೂ ಇಟ್ಕೋ ಅಂತ ಬಿಬಿನೇ ಕಳ್ಸಿದ್ದು. ಅವರದು ನೋಡಿ ಉಳಿದವ್ರೂ ತಂದು ಸುರಿದ್ರು,” ಎಂದಳು ಮಸ್ತೂರಾ.

ಎಲ್ಲರೂ ಅಮ್ಮನ ಕಡೆ ತಿರುಗಿದರು. ಅಮ್ಮ ಸೆರಗು ಸರಿಮಾಡಿಕೊಂಡರು. “ಹೌದಪ್ಪಾ, ನಾನೇ ತೆಗೆಸಿದ್ದು. ಬೀಗರ ಹುಡುಗ ಸ್ನಾನಕ್ಕೆ ಹೋದಾಗ ತಂಬಿಗೇಲಿ ಮೀನು ಬಂದ್ರೆ ಏನಂದ್ಕೊಳ್ತಾನೆ? ತೊಟ್ಟಿಗೆ ಸುಣ್ಣ ಹೊಡೆಸಿ, ಮಲ್ಲಿಗೆ ಹೂ ಬಿಟ್ಟು ಚೆಂದ ಮಾಡಿದ್ದೆ. ನಮ್ಮನೇಲಿ ಮಾಡಿದ್ದು ನೋಡಿ ಇಡೀ ಓಣಿ ಮಾಡ್ತು. ನಾನೇನು ಕಂಡಿದ್ನಾ?” ಎಂದರು. ಆಮೇಲೆ ದನಿ ಇಳಿಸಿ ಡಾಕ್ಟರನ್ನು ಕೇಳಿದರು: “ಅಂದ್ರೆ ಜ್ವರ ತಂದಿದ್ದು ನನ್ನ ಅಳಿಯ ಅಲ್ವಾ?”

“ತಂದಿದ್ದು ಅವರೇ ಬಿಬಿ. ಆದ್ರೆ ತಂದದ್ದು ಅವರ ಹಾಸಿಗೇಲೇ ಮುಗೀತಿತ್ತು. ಮನೆಮನೆಗೆ ಹಂಚೋಕೆ ಸೊಳ್ಳೆ ಸಾಕಿಕೊಟ್ಟಿದ್ದು ನೀವು. ಹಗಲು ಪರದೆ ಎತ್ತಿ ಜಗಲೀಲಿ ಕೂರಿಸಿದ್ದು ಇವರು,” ಎಂದು ಗಂಡಸರ ಕಡೆ ಕೈ ತೋರಿಸಿದಳು ಅಟಿಯೆನೊ.

ಖಾಜಿಯವರು ಮೊಣಕಾಲು ಹಿಡಿದುಕೊಂಡೇ ನಗಲು ಶುರುಮಾಡಿದರು. ಅವರ ನಗು ಹರಡಿದ ವೇಗ ನಿಮ್ಮ ಜ್ವರಕ್ಕೂ ಇರಲಿಲ್ಲ. ಕಿಟಕಿಯ ಕೆಳಗೆ ನಿಂತು ಅಂದವಳು ಯಾರೆಂದೂ ಅವತ್ತೇ ಗೊತ್ತಾಯಿತು. ಅವಳೇ ಬಂದು ಹೇಳಿ, ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಹೆಸರು ಬರೆಯುವುದಿಲ್ಲ. ನಿಮಗೆಂದು ಒಂದು ಡಬ್ಬಿ ಹಲ್ವ ಕೊಟ್ಟಿದ್ದಾಳೆ.

ಮೀನುಗಳನ್ನು ಸುಮ್ಮನೆ ಕೊಡದಲ್ಲಿ ತುಂಬಿಕೊಂಡು ಬರಬಹುದಿತ್ತು. ಅಮ್ಮ ಒಪ್ಪಲಿಲ್ಲ. “ಮನೆಯಿಂದ ಕಳಿಸಿದ್ದು ಮರ್ಯಾದೆಗೆಟ್ಟ ಹಾಗೆ, ಕರ್ಕೊಂಡು ಬರೋದಾದ್ರೂ ಮರ್ಯಾದೆಯಿಂದ ಆಗ್ಲಿ,” ಎಂದರು. ಹಾಗಾಗಿ ಭಾನುವಾರ ಸಂಜೆ ಮದುಮಗನನ್ನು ಕರೆತರುವ ಹಾಗೆಯೇ ತಂದೆವು. ತಾಮ್ರದ ದೊಡ್ಡ ಬೋಗುಣಿಯಲ್ಲಿ ಮೀನುಗಳು, ಮೇಲೆ ಮಲ್ಲಿಗೆ ದಂಡೆ. ಹೆಂಗಸರೆಲ್ಲ ಮದುವೆಯ ಪದ್ಧತಿಯಂತೆ ಕೋಣದ ಕೊಂಬು ಹಿಡಿದು ಕೋಲಿನಿಂದ ಬಡಿಯುತ್ತ ಸಾಲಾಗಿ ಹೊರಟೆವು. ಕುಣಿತ ಶುರುಮಾಡಿದರೆ ಒಬ್ಬಳ ಸೊಂಟ ಏಳದು, ಇನ್ನೊಬ್ಬಳ ಮಂಡಿ ಮಡಚದು. ಎಡಕ್ಕೆ ತೂಗಬೇಕಾದಲ್ಲಿ ಅರ್ಧ ಜನ ಬಲಕ್ಕೆ. ಕುಂಟುವುದೇ ಒಂದು ತಾಳವಾಯಿತು. ಅಟಿಯೆನೊಗೂ ಒಂದು ಕೊಂಬು ಕೊಟ್ಟೆವು. ಮಸ್ತೂರಾ ಕೊಂಬು ಬಡಿಯುವುದರಲ್ಲೇ ಇದ್ದಳು; ನೆಟ್ಟಗೆ ಕುಣಿದವಳು ಡಾಕ್ಟರೊಬ್ಬಳೇ, ಅದಕ್ಕೇ ತಾಳ ತಪ್ಪಿದವಳೂ ಅವಳೇ. ಒಂದೊಂದು ಮನೆಯ ತೊಟ್ಟಿಗೂ ನಾಲ್ಕೈದು ಮೀನು ಬಿಡುವುದು, ಒಂದು ಸಲ ಕೂಗು ಹಾಕುವುದು, ಮುಂದಿನ ಮನೆ. ಪದ ನನ್ನದು. ಆ ಮಧ್ಯಾಹ್ನವೇ ಕಟ್ಟಿದ್ದು, ತಿದ್ದಲು ಪುರುಸೊತ್ತಾಗಿರಲಿಲ್ಲ:

ಬಾರೋ ಮೀನೇ, ಮದುಮಗನೇ, ತೊಟ್ಟಿಮನೆಗೆ ಬಾ,
ಹೊಟ್ಟೆ ತುಂಬ ಊಟ ಉಂಟು, ಹಸಿದುಕೊಂಡು ಬಾ.
ಸೊಂಟ ಬಗ್ಗಿ ನಿಂತೆವೆಂದು ಸಲಾಮು ಅಂದ್ಕೋಬೇಡ,
ದಾರಿ ಕಾದು ಬಗ್ಗಿ ಹೋದೆವು, ಇನ್ನು ತಡ ಮಾಡಬೇಡ.

ಮೂರು ಮನೆ ದಾಟುವಷ್ಟರಲ್ಲಿ ಎಲ್ಲರ ಬಾಯಿಗೂ ಬಂದಿತ್ತು. ಮಸ್ತೂರಾ ಕೊಂಬು ಬಡಿಯುವುದನ್ನು ನಿಲ್ಲಿಸಿ ಎಲ್ಲರಿಗೂ ಕೇಳುವ ಹಾಗೆ ಅಂದಳು: “ಅಲ್ಲಾ ಟೀಚರಮ್ಮ, ಇದು ಮೀನಿಗೆ ಕಟ್ಟಿದ ಪದಾನಾ, ಮೊರೊನಿಗೆ ಹೋದವರಿಗಾ?” ನಾನು ಬೈದೆ. ಬೈದದ್ದು ಯಾರಿಗೂ ಕೇಳಿಸಲಿಲ್ಲ, ಅಷ್ಟು ನಗು.

ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಯಾರೂ ಬಯ್ಯುತ್ತಿಲ್ಲ. ಜಗಲಿಯ ಮೇಲೆ ನಿಮ್ಮ ದಿಂಬು ಇದ್ದಲ್ಲೇ ಇದೆ. ಗೆಳೆಯರು ಬಂದು ಅದನ್ನು ಬಿಟ್ಟು ಸುತ್ತ ಕೂರುತ್ತಾರೆ. ತಿಮಾ ತನ್ನ ಮನೆಯಿಂದ ಬಂದಾಗಲೆಲ್ಲ ಅದನ್ನು ಕೊಡವಿ ಇಡುತ್ತಾಳೆ.

ಇನ್ನು ಎರಡನೆಯದು. ಊಟವಾದ ಮೇಲಿನಿಂದ ಇಲ್ಲಿಯವರೆಗೆ ಬರೆದುಕೊಂಡು ಬಂದದ್ದು ಅದನ್ನು ಮುಂದೂಡುವುದಕ್ಕೇ ಎಂದು ನಿಮಗೆ ತಿಳಿದಿರುತ್ತದೆ. ‘ಬೇಡ’ ಎಂದು ಬರೆಯಲಾರೆ. ಇನ್ನೊಂದು ಪದವನ್ನು ಬರೆಯಲು ಎರಡು ಸಲ ಪೆನ್ನು ಇಟ್ಟು ನೋಡಿದೆ. ಏಳು ವರ್ಷ ನಾಲಿಗೆಯ ತುದಿಯಲ್ಲಿ ತಡೆದಿಟ್ಟ ಮಾತು ಕೈಗೂ ಇಳಿಯುತ್ತಿಲ್ಲ. ನೀವು ಕರೆಸಿಕೊಳ್ಳಬೇಕೆಂದು ಕಾದಿರಿ, ನಾನು ನೀವಾಗಿ ಬರಲಿ ಎಂದು ಕಾದೆ. ಇಬ್ಬರದೂ ಕಾಯುವಿಕೆಯೇ. ಅದರಲ್ಲಿ ಯಾರದು ಹೆಚ್ಚು ತೂಕ ಎಂದು ಇನ್ನು ಅಳೆಯುವ ಮನಸ್ಸಿಲ್ಲ. ಈ ಜ್ವರದಲ್ಲಿ ನನಗೆ ತಿಳಿದದ್ದು ಇಷ್ಟೇ: ನೀವು ಆ ಕೋಣೆಯಲ್ಲಿ ನರಳುತ್ತಿದ್ದ ದಿನಗಳಲ್ಲಿ ನಾನು ಬಹಳ ಸುಖವಾಗಿದ್ದೆ. ಹೀಗೆ ಹೇಳುವುದು ಕೆಟ್ಟದ್ದಿರಬಹುದು, ಆದರೆ ನಿಜ.

ಕಾಗದ ಇಲ್ಲಿಗೆ ನಿಲ್ಲಿಸುತ್ತೇನೆ. ಎಣ್ಣೆ ಹಚ್ಚಿಕೊಳ್ಳಿ. ತಣ್ಣೀರಲ್ಲಿ ಕೈ ಆಡಿಸಬೇಡಿ.

ಹಗಲೂ ಪರದೆ ಇಳಿಸಿಕೊಟ್ಟವಳು,
ಮ್ವಾನಖೇರಿ

ಮ.ವಿ. (ಶುಕ್ರವಾರ ಬೆಳಿಗ್ಗೆ): ಈ ಕಾಗದವನ್ನು ಫಮಾವುವಿನ ಕೈಗೆ ಕೊಡುತ್ತಿಲ್ಲ. ಶಾಲೆಗೆ ಇವತ್ತಿನಿಂದ ರಜೆ. ಫಮಾವುವಿನ ಹೆಂಡತಿ ಮೊರೊನಿಯಲ್ಲಿರುವ ತಂಗಿಯನ್ನು ನೋಡಲು ಹೊರಟಿದ್ದಾಳೆ, ಅವಳ ಜೊತೆಗೆ ನನಗೂ ಜಾಗವಿದೆ. ಗಂಟು ಕಟ್ಟಿದ್ದು ಅಮ್ಮ. “ಅವನು ಕರೆದ್ನಾ, ನೀನು ಕರೆದ್ಯಾ ಅಂತ ಕೇಳಿದವ್ರಿಗೆ ನಾನು ಕಳಿಸ್ದೆ ಅನ್ನು,” ಎಂದಿದ್ದಾರೆ. ಈ ಜ್ವರ ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲವೆಂದು ಅಟಿಯೆನೊ ಹೇಳಿದಳು, ಹಾಗಾಗಿ ನಿಮ್ಮ ಬೀದಿಯ ಸೊಳ್ಳೆಗೆ ನಾನು ಹೆದರುವುದಿಲ್ಲ. ದಕ್ಷಿಣದ ಗಾಳಿ ಎದ್ದ ಮೇಲೆ ಇಬ್ಬರೂ ಒಂದೇ ದೋಣಿಯಲ್ಲಿ ತಿರುಗಿ ಬರುವ ಲೆಕ್ಕ ನನ್ನದು. ಈ ಕೊನೆಯ ಸಾಲುಗಳನ್ನು ಮೊರೊನಿಯಲ್ಲಿ ಇಳಿದ ಮೇಲೆ ಸೇರಿಸಿದೆ. ಬಾಯಿಬಿಟ್ಟು ಹೇಳಲು ಆಗುವುದಿಲ್ಲವೆಂದೇ ಇದನ್ನು ನಿಮ್ಮ ಕೈಯಲ್ಲಿಟ್ಟು ಓದಲು ಹೇಳಿದ್ದು. ಈಗ ತಲೆಯೆತ್ತಿ ನೋಡಿ, ಅಂಗಡಿಯ ಹೊರಗೆ ಹಗ್ಗದ ಸುರುಳಿಯ ಮೇಲೆ ಕೂತಿದ್ದೇನೆ. ದೋಣಿಯ ಕುಲುಕಾಟಕ್ಕೆ ಮಂಡಿ ಹಿಡಿದಿದೆ, ಒಬ್ಬಳೇ ಏಳಲಾಗುತ್ತಿಲ್ಲ. ಕೈ ಕೊಡಿ, ಬನ್ನಿ.